ಹತ್ತೊಂಬತ್ತು ಬಾಟಲಿ ಕಬ್ಬಿಣ

"ಮತ್ತೆ ಎಲ್ಲಿಗಮ್ಮಿ ಹೊರಡ್ತು ಮೆರವಣಿಗೆ? ಒಂಬತ್ ಗಂಟೆಗೆ ಹೋಗಿ ಬಂದಿದ್ದೆಲ್ಲ! ಕಕ್ಕಸಿಗೆ ಹೋಯ್ತಿದ್ದೀಯೋ, ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದೀಯೋ?"

ಮೇಸ್ತ್ರಿ ಡೊರಿನೆಲ್ ಬೆಲ್ಟಿನ ಆ ತುದಿಯಿಂದ ಹಾಕಿದ ಕೂಗು ಮಾಂಸದ ಕಾರ್ಖಾನೆಯ ಹಾಲ್‌ನಲ್ಲಿದ್ದ ಎಪ್ಪತ್ತು ಜನಕ್ಕೂ ಕೇಳಿಸಿತು. ಕೇಳಿಸಲಿ ಎಂದೇ ಹಾಕಿದ ಕೂಗು ಅದು. ಸಾಫ್ತಾ ಎತ್ತಿದ ಕಾಲನ್ನು ಅಲ್ಲೇ ಇಳಿಸಿ ನಿಂತಳು. ಕೈಯಲ್ಲಿ ಚಾಕು, ಮೈಮೇಲೆ ಮೊಣಕಾಲು ದಾಟುವ ಪ್ಲಾಸ್ಟಿಕ್ ಏಪ್ರನ್, ಅದರೊಳಗೆ ತೊಡೆಸಂದಿಯಲ್ಲಿ ಬಿಸಿಯಾಗಿ ಇಳಿಯುತ್ತಿದ್ದ ರಕ್ತ. ಎದುರಿಗೆ ಬೆಲ್ಟಿನ ಮೇಲೆ ನಿಮಿಷಕ್ಕೆ ಹನ್ನೊಂದರಂತೆ ಹಂದಿಯ ತೊಡೆಗಳು ಬರುತ್ತಿದ್ದವು. ಅವುಗಳ ಕೊಬ್ಬು ಹೆರೆದು ಮುಂದಕ್ಕೆ ತಳ್ಳುವುದು ಇಪ್ಪತ್ತಾರು ಹೆಂಗಸರ ಕೆಲಸ. ಅವುಗಳದ್ದು ತಣ್ಣಗಿನ, ತೊಳೆದ, ಸರ್ಕಾರದ ಮುದ್ರೆ ಬಿದ್ದ ತೊಡೆಗಳು.

"ಬದಲಾಯಿಸ್ಕೋಬೇಕು," ಅಂದಳು ಸಾಫ್ತಾ ಸಣ್ಣ ದನಿಯಲ್ಲಿ.

"ಏನು? ಕೇಳಿಸ್ನಿಲ್ಲ. ಒದರು."

"ಪ್ಯಾಡು!"

ಗಂಡಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಡೊರಿನೆಲ್ ಸಭೆಗೆ ವಂದಿಸುವವನಂತೆ ಎರಡೂ ಕೈ ಅಗಲಿಸಿದ. "ಕೇಳುದ್ರಾ? ಇವತ್ತಿಗೆ ಹದಿಮೂರು ದಿನ. ಹಂದಿಗಳೇ ಇಷ್ಟು ರಕ್ತ ಸುರಿಸಲ್ಲ ಕಣಮ್ಮಿ. ಅವುಕ್ಕಾದ್ರೂ ಒಂದು ಮಿತಿ ಅದೆ."

"ಲೋ ಡೊರಿನೆಲಾ," ಪಕ್ಕದಲ್ಲಿದ್ದ ಅಗ್ಲಾಯಾ ಚಾಕು ನಿಲ್ಲಿಸದೆಯೇ ಕೇಳಿದಳು, "ನಿಮ್ಮವ್ವ ನಿನ್ನ ಎಲ್ಲಿಂದ ಹೆತ್ಲು, ಕಿವಿಯಿಂದ್ಲಾ?"

ಈ ಸಲ ನಕ್ಕಿದ್ದು ಹೆಂಗಸರು. ಡೊರಿನೆಲ್ ನಗಲಿಲ್ಲ. "ಊಟದ ಹೊತ್ತಿಗೆ ಹೋಗು," ಎಂದು ಸಾಫ್ತಾಳಿಗೆ ಹೇಳಿ ಬೆನ್ನು ತಿರುಗಿಸಿದ. ಊಟದ ಹೊತ್ತಿಗೆ ಇನ್ನೂ ಎರಡು ಗಂಟೆ ಬಾಕಿ ಇತ್ತು.

ಡೊರಿನೆಲ್ ಬೇರೆ ಯಾರೂ ಅಲ್ಲ. ರೊಮೇನಿಯಾದ ವಾಸ್ಲುಯಿ ಕಡೆ ಸಾಫ್ತಾಳ ಊರಿನ ಪಕ್ಕದ ಊರಿನವನೇ. ಆರು ವರ್ಷದ ಹಿಂದೆ ಜರ್ಮನಿಯ ಈ ಕಾರ್ಖಾನೆಗೇ ಬಂದು ಕರುಳು ತೊಳೆಯುವ ಕೋಣೆಯಲ್ಲಿ ನಿಂತಿದ್ದ. ಜರ್ಮನ್ ಕಲಿತ, ಬಿಳಿ ಟೋಪಿ ಹೋಗಿ ಮೇಸ್ತ್ರಿಯ ನೀಲಿ ಟೋಪಿ ಬಂತು. ಈಗ ಮೇಲಿನವರ ಮಾತು ಕೆಳಗಿನವರಿಗೆ, ಕೆಳಗಿನವರ ಮಾತು ಮೇಲಿನವರಿಗೆ ದಾಟಬೇಕಾದರೆ ಅವನ ನಾಲಿಗೆಯ ಮೇಲೆಯೇ ದಾಟಬೇಕು. ದಾಟುವಾಗ ಅರ್ಧ ಅಲ್ಲೇ ಉಳಿಯುತ್ತಿತ್ತು.

ಸಾಫ್ತಾಳಿಗೆ ನಲವತ್ನಾಲ್ಕು. ಇಬ್ಬರು ಹೆಣ್ಣುಮಕ್ಕಳು ಊರಲ್ಲಿ ಅವಳ ಅಕ್ಕನ ಮನೆಯಲ್ಲಿ ಓದುತ್ತಿದ್ದರು. ಈಚೆಗೆ ಎರಡು ವರ್ಷದಿಂದ ಮುಟ್ಟು ಬಂದರೆ ಹೋಗುವುದನ್ನೇ ಮರೆಯುತ್ತಿತ್ತು. ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತಿತ್ತು, ಕೂದಲು ಬಾಚಣಿಗೆಯ ತುಂಬ ಬರುತ್ತಿತ್ತು, ಉಗುರು ಚಮಚದಂತೆ ಹಳ್ಳ ಬಿದ್ದಿತ್ತು. ಇದಕ್ಕಿಂತ ವಿಚಿತ್ರವಾದದ್ದು ಐಸಿನ ಚಪಲ. ಮಾಂಸದ ಡಬ್ಬಿಗಳಿಗೆ ಸುರಿಯುವ ಪುಡಿ ಐಸನ್ನು ಕಂಡರೆ ಬಸುರಿಗೆ ಹುಳಿ ಕಂಡಂತಾಗುತ್ತಿತ್ತು. ಡೊರಿನೆಲ್ ಅತ್ತ ತಿರುಗಿದರೆ ಸಾಕು, ಒಂದು ಹಿಡಿ ಬಾಯಿಗೆ. ಅಗ್ಲಾಯಾಳೂ ಹಾಗೆ, ಇಲಿಂಕಾಳೂ ಹಾಗೆ. ಎಂಟು ಡಿಗ್ರಿ ಚಳಿಯ ಹಾಲ್‌ನಲ್ಲಿ ನಿಂತು ಹತ್ತಾರು ಹೆಂಗಸರು ಕಟಕಟ ಐಸು ಅಗಿಯುತ್ತಿದ್ದರು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಡೊರಿನೆಲ್‌ಗೆ ಗೊತ್ತಿತ್ತು: ಕಳ್ಳತನ. 'ಕಾರ್ಖಾನೆಯ ಐಸನ್ನು ತಿನ್ನಕೂಡದು' ಎಂದು ರೊಮೇನಿಯನ್ ಭಾಷೆಯಲ್ಲಿ ಒಂದು ಚೀಟಿ ಅಂಟಿಸಿದ್ದ. ಆ ಗೋಡೆಯ ಮೇಲೆ ಅವರ ಭಾಷೆಯಲ್ಲಿದ್ದದ್ದು ಅದೊಂದೇ ಚೀಟಿ.

ಅದೇ ವಾರ ಇಲಿಂಕಾ ಬಿದ್ದಳು.

ಇಪ್ಪತ್ತೆರಡರ ಹುಡುಗಿ. ಬಂದು ಐದು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೊಬ್ಬು ಹೆರೆಯುತ್ತಿದ್ದವಳು ಏನನ್ನೋ ನೆನಪು ಮಾಡಿಕೊಳ್ಳುವವಳಂತೆ ತಲೆ ಎತ್ತಿದಳು, ಹಾಗೇ ಮುಂದಕ್ಕೆ ಬೆಲ್ಟಿನ ಮೇಲೆ ಮಲಗಿದಳು. ಬೆಲ್ಟು ಅವಳನ್ನೂ ಒಂದು ತೊಡೆಯೆಂದೇ ತಿಳಿದು ಎರಡು ಮಾರು ಎಳೆದುಕೊಂಡು ಹೋಯಿತು. ಸಾಫ್ತಾ ಕೆಂಪು ಗುಂಡಿ ಒತ್ತಿದಳು. ಹಣೆ ಒಡೆದು ರಕ್ತ ಬರುತ್ತಿತ್ತು.

ಡೊರಿನೆಲ್ ಓಡಿ ಬಂದ. "ಅಯ್ಯಯ್ಯೋ, ಎಲ್ಲೆಲ್ಲಿಗೆ ತಾಗ್ಯದೆ?"

"ಹಣೆಗೆ," ಅಂದಳು ಸಾಫ್ತಾ.

"ಎಷ್ಟು ಮಾಂಸಕ್ಕೆ ತಾಗ್ಯದೆ ಅಂತ ಕೇಳ್ತಿರೋದು!"

ಹದಿನಾಲ್ಕು ತೊಡೆಗಳಿಗೆ ರಕ್ತ ತಾಗಿತ್ತು. ಹದಿನಾಲ್ಕನ್ನೂ ಎಸೆದರು, ಬೆಲ್ಟನ್ನು ತೊಳೆದರು. ಕೆಲಸ ನಲವತ್ತು ನಿಮಿಷ ನಿಂತಿತು. ಆ ತಿಂಗಳು ಹಾಗೆ ಬಿದ್ದವರಲ್ಲಿ ಇಲಿಂಕಾ ಮೂರನೆಯವಳು. ಮೊದಲಿನ ಇಬ್ಬರು ಯಾರಿಗೂ ತೊಂದರೆ ಕೊಡದೆ ನೆಲಕ್ಕೆ ಬಿದ್ದಿದ್ದರಿಂದ ವಿಷಯ ಮೇಲಕ್ಕೆ ಹೋಗಿರಲಿಲ್ಲ. ಮಾಂಸದ ಮೇಲೆ ಬಿದ್ದದ್ದಕ್ಕೆ ಆಫೀಸಿನ ಟಿಮರ್‌ಮನ್ ಮೇಡಮ್ ತಲೆಗೆ ಬಲೆ ಟೋಪಿ ಹಾಕಿಕೊಂಡು ಕೆಳಗಿಳಿದು ಬಂದಳು. ಹೆಂಗಸರ ಆರೋಗ್ಯದ ಬಗ್ಗೆ ಕಾರ್ಖಾನೆಗೆ ಕಾಳಜಿ ಹುಟ್ಟಿದ್ದು ಆವತ್ತು.

ಎಲ್ಲರ ರಕ್ತ ತೆಗೆಸಿದರು. ಇಪ್ಪತ್ತಾರರಲ್ಲಿ ಹತ್ತೊಂಬತ್ತು ಜನಕ್ಕೆ ರಕ್ತವೇ ಇರಲಿಲ್ಲ ಎನ್ನಬೇಕು. ಕಾರ್ಖಾನೆಯ ಡಾಕ್ಟರು ಹಿನ್ರಿಕ್ಸ್, ನಿವೃತ್ತಿಗೆ ಹತ್ತಿರವಾದ ಮುದುಕ, ಒಬ್ಬೊಬ್ಬರ ಕೆಳರೆಪ್ಪೆ ಜಗ್ಗಿ ನೋಡಿ ನಿಟ್ಟುಸಿರು ಬಿಟ್ಟ. ಸಾಫ್ತಾಳ ಚೀಟಿ ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಆರೂವರೆ ಇತ್ತು. ಅವಳ ಮುಖ ನೋಡುತ್ತ ಐದು ನಿಮಿಷ ಏನೇನೋ ಹೇಳಿದ.

"ನಿನ್ನ ರಕ್ತ ಸೋಮಾರಿಯಂತೆ," ಎಂದು ಡೊರಿನೆಲ್ ಅಷ್ಟನ್ನೂ ರೊಮೇನಿಯನ್‌ಗೆ ಇಳಿಸಿದ. "ಮಾಂಸ ತಿನ್ನಬೇಕಂತೆ."

ದಿನಕ್ಕೆ ಮೂರು ಟನ್ ಮಾಂಸ ಕೈಯಾಡಿಸುವ ಸಾಫ್ತಾಳಿಗೆ ನಗು ಬಂತು. ಆರು ಜನರ ಕೋಣೆಯಲ್ಲಿ ಒಂದೇ ಒಲೆ. ಸರದಿ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು. ಬ್ರೆಡ್ಡು, ಟೀ, ಭಾನುವಾರ ಮೆಕ್ಕೆಜೋಳದ ಮುದ್ದೆ. ಮಾಂಸದ ವಾಸನೆಯೇ ಅವಳಿಗೆ ಆಗುತ್ತಿರಲಿಲ್ಲ. 

ಹೊರಗೆ ಬಂದ ಮೇಲೆ ಅಗ್ಲಾಯಾ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. ಒಂಬತ್ತು ವರ್ಷ ಇಲ್ಲಿದ್ದ ಅವಳಿಗೆ ಜರ್ಮನ್ ಆಡಲು ಬರದಿದ್ದರೂ ಕೇಳಿದರೆ ಅರ್ಥವಾಗುತ್ತಿತ್ತು. "ಆ ಮುದುಕ ಅಂದಿದ್ದು ಅದಲ್ಲ ಕಣಮ್ಮಿ. ಈ ಲೆಕ್ಕದ ರಕ್ತ ಇಟ್ಕೊಂಡು ನಮ್ಮೂರಲ್ಲಿ ಹೆಂಗಸು ಮೆಟ್ಲೂ ಹತ್ತಲ್ಲ, ಇವಳು ಚಾಕು ಹಿಡ್ಕೊಂಡು ಒಂಬತ್ ಗಂಟೆ ಹೆಂಗೆ ನಿಂತವ್ಳೆ ಅಂದ. ಹೆಂಗಸರ ಡಾಕ್ಟರಿಗೆ ತೋರಿಸಿ ಅಂದ. ನೀರು ಕುಡಿಯಕ್ಕೆ, ಕಕ್ಕಸಿಗೆ ಹೋಗಕ್ಕೆ ಬುಡಿ ಅಂದ. ನರಕ್ಕೆ ಕಬ್ಬಿಣ ಏರಿಸಬೇಕು ಅಂದ."

"ಕಬ್ಬಿಣಾನಾ?"

"ಹೂಂ. ಐಸ್ ತಿನ್ನೋದೂ ಅದಕ್ಕೇಯಂತೆ. ಮೈನಲ್ಲಿ ಕಬ್ಬಿಣ ಇಲ್ದೋರು ಸಿಕ್ಕಿದ್ದೆಲ್ಲ ಕಡೀತಾರಂತೆ."

"ಹಂಗಾದ್ರೆ ಒಂದಿನ ಡೊರಿನೆಲ್‌ನ ಕಡಿಯನ ತಗೋ ಅಕ್ಕ."

"ಥೂ, ಅವನ ಮೈನಲ್ಲಿ ಕಬ್ಬಿಣ ಎಲ್ಲದೆ? ಬರೀ ಕೊಬ್ಬು."

ಡಾಕ್ಟರು ಹೇಳಿದ ಮೂರರಲ್ಲಿ ಕಾರ್ಖಾನೆ ಕಬ್ಬಿಣವೊಂದನ್ನು ಒಪ್ಪಿತು. ಕಕ್ಕಸು, ಹೆಂಗಸರ ಡಾಕ್ಟರು ಇವೆರಡೂ ಕೆಲಸದ ಹೊತ್ತನ್ನು ತಿನ್ನುವಂಥವು. ಮೊದಲು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದ ಹೆಂಗಸರಿಗೆ ಹೊಟ್ಟೆ ತೊಳಸಿತು, ಕೆಲವರಿಗೆ ಬಿಗಿಯಿತು, ಕೆಲವರಿಗೆ ಹರಿಯಿತು. ಕಕ್ಕಸಿನ ಮುಂದೆ ಸಾಲು ಇಮ್ಮಡಿಯಾಯಿತು. "ಮೇಡಮ್ ಕೈಯಿಂದ ಕಬ್ಬಿಣ ಕೊಡ್ತಾರೆ, ನೀವು ಅದನ್ನ ಕಪ್ಪಗೆ ಹೇತು ಬತ್ತೀರ. ನಿಯತ್ತಿಲ್ಲದ ಮುಂಡೇವು," ಎಂದು ಡೊರಿನೆಲ್ ಬಾಗಿಲಲ್ಲಿ ನಿಂತು ಬೈದ. ಮೂರು ವಾರಕ್ಕೆ ಮಾತ್ರೆ ನಿಂತಿತು. ಆಗ ಟಿಮರ್‌ಮನ್ ಮೇಡಮ್ ಡಾಕ್ಟರನ್ನು ಕರೆಸಿ ಕೇಳಿದಳಂತೆ: ಆ ನರಕ್ಕೆ ಏರಿಸುವುದು ಎಷ್ಟು ಹೊತ್ತಿನ ಕೆಲಸ? ಹದಿನೈದು ನಿಮಿಷ ಎಂದನಂತೆ ಡಾಕ್ಟರು. ರಕ್ತ ತುಂಬಿಕೊಳ್ಳಲು ವಾರಗಟ್ಟಲೆ ಬೇಕು ಎಂದೂ ಹೇಳಿದನಂತೆ, ಅದು ಮೇಡಮ್ ಕಿವಿಗೆ ಬೀಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಡೊರಿನೆಲ್ ಹೆಂಗಸರನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಲ್ಲಿಸಿ ಭಾಷಣ ಮಾಡಿದ.

"ಇವತ್ತು ಮಧ್ಯಾಹ್ನ ಊಟದ ಹೊತ್ತಲ್ಲಿ ಹತ್ತೊಂಬತ್ತು ಜನಕ್ಕೂ ಕಬ್ಬಿಣ ಏರಿಸ್ತಾರೆ. ಒಂದೊಂದು ಬಾಟಲಿ ಎಷ್ಟು ದುಬಾರಿ ಗೊತ್ತಾ? ಜಗತ್ತಲ್ಲಿ ಯಾವ ಧಣಿ ಮಾಡ್ತಾನ್ರಮ್ಮಿ ಇಂಥದ್ದ? ನಿಮ್ಮ ಗಂಡಂದ್ರು ಮಾಡಿದ್ರಾ? ಸೋಮವಾರಕ್ಕೆ ಎಲ್ಲಾರೂ ಕಬ್ಬಿಣದ ಕುದುರೆ ಆಗಿರ್ತೀರ. ಅದಕ್ಕೇ ಸೋಮವಾರದಿಂದ ಬೆಲ್ಟು ಹದಿಮೂರಕ್ಕೆ ಓಡ್ತದೆ."

"ಏನಕ್ಕೆ?" ಅಂದಳು ಸಾಫ್ತಾ.

"ನಿಮಿಷಕ್ಕೆ ಹದಿಮೂರು. ಕಬ್ಬಿಣ ಕುಡಿದು ಹನ್ನೊಂದರಲ್ಲೇ ಇರ್ತೀವಿ ಅಂದ್ರೆ ಹೆಂಗೆ?"

ಸಾಫ್ತಾಳಿಗೆ ಅವಳ ಅಜ್ಜ ನೆನಪಾದ. ಉಳುವ ಮುಂಚಿನ ವಾರ ಅವನು ಕುದುರೆಗೆ ಓಟ್ಸು ಹಾಕುತ್ತಿದ್ದ. ಆದರೆ ಕುದುರೆಯ ಮುಂದೆ ನಿಂತು ಭಾಷಣ ಮಾಡುತ್ತಿರಲಿಲ್ಲ.

ಕ್ಯಾಂಟೀನಿನ ಕಿಟಕಿಯ ಬದಿಗೆ ಉದ್ದಕ್ಕೆ ಬೆಂಚುಗಳನ್ನು ಜೋಡಿಸಿದ್ದರು. ಬಾಟಲಿ ತೂಗುಹಾಕುವ ಕಂಬಗಳು ಡಾಕ್ಟರ ಬಳಿ ನಾಲ್ಕೇ ಇದ್ದವು. ಡೊರಿನೆಲ್ ಅದಕ್ಕೂ ಉಪಾಯ ಹುಡುಕಿದ್ದ. ತಣ್ಣನೆಯ ಕೋಣೆಯಿಂದ ಹಂದಿಗಳನ್ನು ನೇತುಹಾಕುವ ಗಾಲಿಯ ಸ್ಟ್ಯಾಂಡನ್ನು ತೊಳೆಸಿ ತಂದು ನಿಲ್ಲಿಸಿದ್ದ. ಸಾಲಾಗಿ ಹತ್ತೊಂಬತ್ತು ಕೊಕ್ಕೆ, ಹತ್ತೊಂಬತ್ತು ಕಂದು ಬಣ್ಣದ ಬಾಟಲಿ, ಕೆಳಗೆ ಹತ್ತೊಂಬತ್ತು ಹೆಂಗಸರು. ಒಂದು ಕೈಗೆ ಸೂಜಿ, ಇನ್ನೊಂದು ಕೈಗೆ ಬ್ರೆಡ್ಡು. ಟಿಮರ್‌ಮನ್ ಮೇಡಮ್ ಫೋನು ಎತ್ತಿ ಹಿಡಿದು ನಗಿ ಎಂದು ಸನ್ನೆ ಮಾಡಿದಳು. ಕೊಕ್ಕೆಗಳು ಕಾಣದ ಹಾಗೆ ಒಂದು ಫೋಟೋ ತೆಗೆಯಲು ಅವಳು ತುಂಬ ಕಷ್ಟಪಟ್ಟಳು.

ಕಂದು ನೀರು ಸಾಫ್ತಾಳ ತೋಳಿನೊಳಗೆ ತಣ್ಣಗೆ ಹರಿಯಿತು. ಬಾಯಲ್ಲಿ ತುಕ್ಕಿನ ರುಚಿ ಬಂತು. ಅವಳು ಕಿಟಕಿಯಾಚೆ ನೋಡಿದಳು. ಅಂಗಳ, ಲಾರಿಗಳು, ಬೇಲಿಯಾಚೆ ಒಂದು ಲಿಂಡೆನ್ ಮರ. ನಾಲ್ಕು ವರ್ಷದಲ್ಲಿ ಹಗಲು ಹೊತ್ತು ಕೈ ಕಟ್ಟಿ ಕುಳಿತದ್ದು ಇದೇ ಮೊದಲು. ಆ ಮರ ಅಲ್ಲಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ಡಾಕ್ಟರು ಸಾಲಿನ ಮುಂದೆ ನಿಂತು ನಿಧಾನಕ್ಕೆ, ಬೆರಳು ಎತ್ತಿ, ಏನೋ ಹೇಳಿದ.

ಡೊರಿನೆಲ್ ತಿರುಗಿಸಿದ: "ಬಾಟಲಿ ಖಾಲಿಯಾದ ತಕ್ಷಣ ಎದ್ದು ಏಪ್ರನ್ ಕಟ್ಕೊಳಿ ಅಂತಾರೆ."

ಸಾಫ್ತಾಳಿಗೆ ಜರ್ಮನ್ ಬರುತ್ತಿರಲಿಲ್ಲ, ಆದರೆ ಅಂಕಿಗಳು ಬರುತ್ತಿದ್ದವು. ಎಷ್ಟು ತೊಡೆ, ಎಷ್ಟು ಕಿಲೋ, ಎಷ್ಟು ಡಿಗ್ರಿ, ಎಷ್ಟು ನಿಮಿಷ ತಡ. ಈ ದೇಶ ಅವಳೊಂದಿಗೆ ಆಡಿದ್ದೆಲ್ಲ ಅಂಕಿಗಳಲ್ಲೇ. ಡಾಕ್ಟರ ಮಾತಿನಲ್ಲಿ ಮೂವತ್ತು ಎಂಬುದು ಎರಡು ಸಲ ಬಂದಿತ್ತು. ಅವಳು ಬ್ರೆಡ್ಡು ಕೆಳಗಿಟ್ಟು ಕೈ ಎತ್ತಿದಳು.

"ಡ್ರೈಸಿಗ್?"

ಡಾಕ್ಟರು ಅವಳತ್ತ ತಿರುಗಿದ. ಹೌದೆಂದು ತಲೆಯಾಡಿಸಿ, ಗೋಡೆಯ ಗಡಿಯಾರ ತೋರಿಸಿ, ತನ್ನ ಕೈಯಲ್ಲಿದ್ದ ಹೆಸರುಗಳ ಪಟ್ಟಿಯ ಹಿಂದೆ ದೊಡ್ಡದಾಗಿ ೩೦ ಎಂದು ಬರೆದು ಎತ್ತಿ ಹಿಡಿದ. ಆಮೇಲೆ ಬೆಂಚಿನ ಮೇಲೆ ಕುಂಡಿ ಊರಿ ತೋರಿಸಿದ.

"ಖಾಲಿಯಾದ ಮೇಲೂ ಅರ್ಧ ಗಂಟೆ ಕುಂತಿರಬೇಕಂತೆ ಕಣ್ರವ್ವಾ," ಸಾಲಿನುದ್ದಕ್ಕೂ ಕೇಳುವಂತೆ ಹೇಳಿದಳು ಅಗ್ಲಾಯಾ. "ಕೆಲವರಿಗೆ ಮೈಗೆ ಒಗ್ಗಲ್ವಂತೆ. ಉಸಿರು ಕಟ್ಟಿದ್ರೆ, ಕಡಿತ ಬಂದ್ರೆ, ತಲೆ ತಿರುಗಿದ್ರೆ ಹೇಳಿ, ಇನ್ನೂ ಅರ್ಧ ಗಂಟೆ ಕೂರಿಸ್ಕೊಂಡು ನೋಡ್ತೀನಿ ಅಂದ."

"ಯಾವಳೇ ಅವಳು ನಂಗಿಂತ ಜಾಸ್ತಿ ಜರ್ಮನ್ ಕಲ್ತೋಳು?" ಡೊರಿನೆಲ್ ಕೆಂಪಗಾದ. "ಹನ್ನೆರಡೂವರೆಗೆ ಬೆಲ್ಟು ಶುರು. ಅಷ್ಟೇ."

ಬಾಟಲಿಗಳು ಖಾಲಿಯಾದವು. ಹನ್ನೆರಡೂವರೆಗೆ ಬೆಲ್ಟು ಶುರುವಾದದ್ದು ಗೋಡೆಯಾಚೆಯಿಂದ ಕೇಳಿಸಿತು. ಕೊಬ್ಬು ಹೆರೆಯಲು ಅಲ್ಲಿ ಏಳೇ ಜನ ಇದ್ದರು. ಹತ್ತು ನಿಮಿಷದಲ್ಲಿ ಬೆಲ್ಟು ನಿಂತದ್ದೂ ಕೇಳಿಸಿತು. ಡೊರಿನೆಲ್ ಓಡಿ ಬಂದು ಮೊದಲು ಸಿಕ್ಕ ಸಾಫ್ತಾಳ ರಟ್ಟೆಗೇ ಕೈ ಹಾಕಿದ. ಅವಳ ತೋಳಿನಲ್ಲಿ ಸೂಜಿಯ ಕೊಳವೆ ಇನ್ನೂ ಇತ್ತು. ಪ್ಲಾಸ್ಟರಿನ ಕೆಳಗಿಂದ ರಕ್ತ ಜಿನುಗಿತು.

"ಏಳೇ ಬೋಸುಡಿ! ತೊಡೆ ರಾಶಿ ಬಿದ್ದವೆ ಅಲ್ಲಿ!"

ಡಾಕ್ಟರು ಹಾಕಿದ ಕೂಗಿಗೆ ಕ್ಯಾಂಟೀನಿನ ತಟ್ಟೆಗಳು ನಡುಗಿದವು. ಆ ಕಾರ್ಖಾನೆಯಲ್ಲಿ ಡೊರಿನೆಲ್‌ಗೆ ಜರ್ಮನ್‌ನಲ್ಲಿ ಬೈಗುಳ ಬಿದ್ದದ್ದನ್ನು ಹೆಂಗಸರು ಅಂದೇ ಕಂಡದ್ದು. ಅದನ್ನು ಯಾರೂ ಅನುವಾದ ಮಾಡಬೇಕಾಗಿರಲಿಲ್ಲ. ಟಿಮರ್‌ಮನ್ ಮೇಡಮ್ ಡಾಕ್ಟರ ಬಳಿ ಹೋಗಿ ಪಿಸುದನಿಯಲ್ಲಿ ವಾದಿಸಿದಳು. ಅವನು ಪಟ್ಟಿಯ ಕೆಳಗೆ ತಾನು ಹಾಕಿದ ಸಹಿ ತೋರಿಸಿ, ಪೆನ್ನನ್ನು ಅವಳಿಗೆ ನೀಡಿದ. ಅವಳು ಪೆನ್ನು ಮುಟ್ಟಲಿಲ್ಲ.

"ನಿನ್ನ ಸಹಿ ಹಾಕು, ಈಗ್ಲೇ ಎಬ್ಬಿಸ್ತೀನಿ ಅಂದ," ಅಗ್ಲಾಯಾ ಉಸುರಿದಳು. "ಮುದುಕನಿಗೂ ಮೈಯಲ್ಲಿ ಒಂಚೂರು ಕಬ್ಬಿಣ ಅದೆ ಕಣಮ್ಮಿ."

ಸಾಫ್ತಾ ತೋಳಿನ ರಕ್ತ ಒರೆಸಿಕೊಂಡಳು. ಕಬ್ಬಿಣ ಒಳಗೆ ಹೋಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಶಕ್ತಿ ಬಂದಿರಲು ಸಾಧ್ಯವೇ ಇರಲಿಲ್ಲ. ಸೋಮವಾರ ಹದಿಮೂರು. ಹನ್ನೊಂದಕ್ಕೇ ರಾತ್ರಿ ಬೆರಳು ಮಡಿಚಲು ಬರುವುದಿಲ್ಲ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಕೋಣೆ ಕಾರ್ಖಾನೆಯದೇ. ಚಿಕ್ಕವಳಿಗೆ ಇನ್ನೂ ಎರಡು ವರ್ಷ ಓದಿದೆ. ಎಲ್ಲವನ್ನೂ ಅವಳು ಯೋಚಿಸಿದಳು. ಯೋಚಿಸಲು ಅಷ್ಟು ಹೊತ್ತು ಸಿಕ್ಕಿದ್ದೇ ತಪ್ಪಾಯಿತು.

ಗಡಿಯಾರದ ಮುಳ್ಳು ಮೂವತ್ತು ನಿಮಿಷ ಮುಗಿಸಿತು. ಡಾಕ್ಟರು ಪಟ್ಟಿ ಹಿಡಿದು ಸಾಲಿನ ಈ ತುದಿಗೆ ಬಂದು ಸಾಫ್ತಾಳ ಮುಂದೆ ನಿಂತ.

"ಹೇಗಿದೆ ಅಂತ ಕೇಳ್ತಾವ್ರೆ. ಚೆನ್ನಾಗಿದೆ ಅನ್ನು, ಎದ್ದೇಳು," ಅಂದ ಡೊರಿನೆಲ್.

"ಉಸಿರು ಕಟ್ತಾ ಅದೆ," ಅಂದಳು ಸಾಫ್ತಾ.

"ಏನು?"

"ಕೇಳಿಸ್ನಿಲ್ವಾ? ಗಟ್ಟಿಯಾಗಿ ಒದರ್ಲಾ?" ಅವಳು ಡಾಕ್ಟರ ಕಡೆ ತಿರುಗಿ ತನ್ನ ಕುತ್ತಿಗೆಯನ್ನು ಹಿಡಿದು ತೋರಿಸಿದಳು.

ಮುದುಕ ಬಾಗಿ ಅವಳ ನಾಡಿ ಹಿಡಿದ. ಅವಳ ಕಣ್ಣನ್ನೇ ನೋಡಿದ. ತುಸು ಹೆಚ್ಚೇ ಹೊತ್ತು ನೋಡಿದ. ಆಮೇಲೆ ಪಟ್ಟಿಯಲ್ಲಿ ಅವಳ ಹೆಸರಿನ ಮುಂದಿದ್ದ ಸಮಯವನ್ನು ಹೊಡೆದು, ಹೊಸ ಸಮಯ ಬರೆದ. ಮೂವತ್ತು ನಿಮಿಷ ಆಚೆಗೆ.

ಅಗ್ಲಾಯಾ ಆಗಲೇ ತೋಳು ಕೆರೆದುಕೊಳ್ಳತೊಡಗಿದ್ದಳು. "ಅಯ್ಯೋ ಕಡಿತಪ್ಪೋ ಕಡಿತ! ಮೈಯೆಲ್ಲ ಇರುವೆ ಬುಟ್ಟಂಗದೆ. ಹೇಳೋ ಡೊರಿನೆಲಾ, ಜರ್ಮನ್‌ನಲ್ಲಿ ಇರುವೆಗೆ ಏನಂತಾರೆ?"

ಮೂರನೆಯವಳಿಗೆ ತಲೆ ತಿರುಗಿತು. ನಾಲ್ಕನೆಯವಳಿಗೂ ತಿರುಗಿತು, ಆದರೆ ಅವಳದು ಇನ್ನೊಂದು ದಿಕ್ಕಿಗೆ ತಿರುಗಿತು. ಒಬ್ಬಳಿಗೆ ಸೊಂಟ, ಒಬ್ಬಳಿಗೆ ಹಲ್ಲು. ಸದಾ ಶಿಲುಬೆಗೆ ಮುತ್ತಿಡುತ್ತ ಓಡಾಡುವ, ಹುಟ್ಟಿದಾರಭ್ಯ ಸುಳ್ಳಾಡದ ವಾಸಿಲಿಕಾ ಎಂಬ ಮುದುಕಿ ಮೂರು ಸಲ ಶಿಲುಬೆಯ ಸನ್ನೆ ಮಾಡಿಕೊಂಡು, "ನಂಗೆ ಎಲ್ಲಾ ಕಡೆನೂ," ಅಂದಳು. ಡಾಕ್ಟರು ಒಬ್ಬೊಬ್ಬರ ನಾಡಿಯನ್ನೂ ಶ್ರದ್ಧೆಯಿಂದ ಹಿಡಿದ, ಒಬ್ಬೊಬ್ಬರ ಸಮಯವನ್ನೂ ಹೊಡೆದು ಹೊಸದು ಬರೆದ. ಕ್ಯಾಂಟೀನಿನ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ಗಂಡಸರು ಗುಂಪಾಗಿದ್ದರು. ಈಗ ಯಾರೂ ಕಿಸಕ್ಕೆನ್ನಲಿಲ್ಲ.

ಡೊರಿನೆಲ್ ಸಾಫ್ತಾಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವನ ಬಾಯಲ್ಲಿ ಊರ ಕಡೆಯ 'ಅಕ್ಕ' ಬಂತು. "ಸಾಫ್ತಕ್ಕ, ಬೆಲ್ಟು ಅರ್ಧ ಗಂಟೆಯಿಂದ ನಿಂತದೆ. ನನ್ನ ತಲೆ ಹೋಯ್ತದೆ. ಏನ್ ಬೇಕು ಹೇಳಕ್ಕ."

"ನಂಗೇನು ಬೇಕಪ್ಪ? ಉಸಿರು ಬೇಕು."

"ಹದಿಮೂರು ಬೇಡ ಅಂತ ಹೇಳ್ಲಾ?"

"ಅದನ್ನ ಜರ್ಮನ್‌ನಲ್ಲಿ ಹೇಳು. ಅಲ್ಲಿ, ಅವಳಿಗೆ. ನಂಗೆ ಅಂಕಿ ಗೊತ್ತಾಯ್ತದೆ."

ಅವನು ಎದ್ದ. ಟಿಮರ್‌ಮನ್ ಮೇಡಮ್ ಕಡೆ ನೋಡಿದ. ಅವಳು ಕಿಟಕಿಯತ್ತ ಮುಖ ಮಾಡಿ ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದಳು. ಅವನ ಕಾಲು ಆ ಕಡೆಗೆ ಹೋಗಲಿಲ್ಲ.

ಅಷ್ಟರಲ್ಲಿ ಡಾಕ್ಟರು ಬೆಂಚಿನ ಆ ತುದಿ ಮುಟ್ಟಿದ್ದ. ಹತ್ತೊಂಬತ್ತನೆಯವಳು ಇಲಿಂಕಾ. ಹಣೆಯ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಅವಳ ಕೆಲಸ ಕಾಯಂ ಆಗುವ ಕಾಗದ ಮುಂದಿನ ವಾರ ಬರಬೇಕಿತ್ತು. ಬೆಳಿಗ್ಗೆಯಿಂದ ಅವಳು ಒಂದು ಮಾತೂ ಆಡಿರಲಿಲ್ಲ. ಡೊರಿನೆಲ್‌ಗೆ ಅವಳನ್ನು ಕಂಡು ಜೀವ ಬಂದಂತಾಯಿತು. ಹತ್ತಿರ ಹೋಗಿ ಬೆಣ್ಣೆಯಂಥ ದನಿಯಲ್ಲಿ ಅಂದ: "ನೀನು ಬುದ್ಧಿವಂತೆ ಕಣವ್ವ. ಈ ಮುದಿಗೂಬೆಗಳ ಜೊತೆ ಸೇರಬ್ಯಾಡ. ನಿಂಗೆ ಏನೂ ಆಗಿಲ್ಲ ಅಲ್ವಾ?"

ಸಾಲಿನ ತಲೆಗಳೆಲ್ಲ ಅತ್ತ ತಿರುಗಿದವು. ಸಾಫ್ತಾಳಿಗೆ ಈಗ ನಿಜವಾಗಿಯೂ ಉಸಿರು ಕಟ್ಟಿತು. ಒಂದು ತಲೆನೋವು ಅಂದುಬಿಡು ಮಗಳೇ, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಒಂದು ಸಣ್ಣ ತಲೆನೋವು.

ಇಲಿಂಕಾ ಡಾಕ್ಟರ ಮುಖ ನೋಡಿದಳು, ಡೊರಿನೆಲ್‌ನ ಮುಖ ನೋಡಿದಳು.

"ಇಲ್ಲ," ಅಂದಳು. "ನಂಗೆ ಏನೂ ಆಗಿಲ್ಲ."

"ಭೇಷ್! ಎದ್ದೇಳು ಮತ್ತೆ."

"ಉಸಿರೂ ಸರಿಯಾಗೇ ಅದೆ. ಕಡಿತಾನೂ ಇಲ್ಲ. ತಲೇನೂ ತಿರುಗ್ತಿಲ್ಲ." ಅವಳು ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು. "ಚೆನ್ನಾಗಿದ್ದೀನಿ. ಆದ್ರೂ ಏಳಲ್ಲ."

ಡಾಕ್ಟರ ಪೆನ್ನು ಪಟ್ಟಿಯ ಮೇಲೆ ನಿಂತಿತು. ಅದನ್ನು ಬರೆಯಲು ಅಲ್ಲಿ ಜಾಗ ಇರಲಿಲ್ಲ. ಟಿಮರ್‌ಮನ್ ಮೇಡಮ್ ಫೋನನ್ನು ಎದೆಗೊತ್ತಿಕೊಂಡು, ಆ ಹುಡುಗಿ ಏನಂದಳು ಎಂದು ಡೊರಿನೆಲ್‌ನನ್ನು ಕೇಳಿದಳು. ಇನ್ನೊಮ್ಮೆ ಕೇಳಿದಳು. ಕಿಟಕಿಯಾಚೆ ಹಂದಿಗಳನ್ನು ತುಂಬಿಕೊಂಡ ಮುಂದಿನ ಲಾರಿ ಅಂಗಳಕ್ಕೆ ಬಂದು ನಿಂತು, ಗೇಟು ತೆಗೆಯಲು ಯಾರೂ ಬಾರದ್ದಕ್ಕೆ ಉದ್ದಕ್ಕೆ ಹಾರ್ನ್ ಹೊಡೆಯತೊಡಗಿತು.